ಎಲ್ಲ ಗುಟ್ಟೂ ಯೂಟ್ಯೂಬ್‌ನಲ್ಲೇ ಇರುವಾಗ ಜಾದೂಗಾರರ ಕ್ಲಬ್ ಸೇರಬೇಕಾ?

ಎರಡು ವರ್ಷದಿಂದ ವಿಡಿಯೋ ನೋಡಿ ಇಸ್ಪೀಟೆಲೆ ಜಾದೂ ಕಲಿತಿದ್ದೀರಿ. ಹತ್ತಿರದ ಕ್ಲಬ್ಬಿನಲ್ಲಿ ಬರೀ ವಯಸ್ಸಾದವರು, ತಿಂಗಳಿಗೊಂದೇ ಸಭೆ. ಸೇರಬೇಕೆಂದರೆ ಎಂಟು ನಿಮಿಷ ಮಾಡಿ ತೋರಿಸಬೇಕು, ಗುಟ್ಟು ಬಿಟ್ಟುಕೊಡಲ್ಲ ಅಂತ ಸಹಿ ಬೇರೆ. "ಇವರ ಹತ್ರ ನನಗೆ ಗೊತ್ತಿಲ್ಲದ್ದು ಏನಿದೆ?" ಅಂತ ಕೇಳಿದ್ದೀರಿ. ಹದಿನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಕ್ಲಬ್ ಸೇರಿದೆ. ಎಂಟನೇ ತಿಂಗಳಿಗೆ ಒಂದು ಕೆಲಸ ಮಾಡಿದೆ. ಅದಾದ ಮೇಲೆ ಎರಡು ವರ್ಷ ಅಲ್ಲಿ ಯಾರೂ ನನ್ನ ಮುಂದೆ ಜೇಬಿನಿಂದ ಕೈ ತೆಗೆಯಲಿಲ್ಲ.

ಮೊದಲು ಪರೀಕ್ಷೆಯ ವಿಷಯ. ಯಾವ ಜಾದೂವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳ್ತೀನಿ ಅಂತ ಅಮೆರಿಕದ ಹೆಸರಾಂತ ಜಾದೂಗಾರ ಹುಡಿನಿ ಕೊಚ್ಚಿಕೊಳ್ಳುತ್ತಿದ್ದ. 1922ರಲ್ಲಿ ಡೈ ವರ್ನನ್ ಅನ್ನೋ ಜಾದೂಗಾರ ಹುಡಿನಿಯ ಸಹಿಯಿದ್ದ ಎಲೆಯನ್ನು ಮೇಲಿನಿಂದ ಎರಡನೇ ಜಾಗಕ್ಕೆ ಇಟ್ಟ, ಎಲೆ ಮೇಲಕ್ಕೇ ಬಂತು. ಮತ್ತೆ ಮತ್ತೆ ತೋರಿಸಿದರೂ ಹುಡಿನಿಗೆ ಹೊಳೆಯಲಿಲ್ಲ. ಈ ಕಥೆ ಓದಿದ ಪ್ರತಿಯೊಬ್ಬ ಹೊಸಬನೂ ತಾನೇ ವರ್ನನ್ ಅಂದುಕೊಂಡು ಪರೀಕ್ಷೆಗೆ ಬರ್ತಾನೆ. ನಾನೂ ಹಾಗೇ ಹೋದೆ. ಡಬಲ್ ಲಿಫ್ಟು ಅನ್ನೋ ಕೈಚಳಕ, ಒಂದೇ ಕೈಯಲ್ಲಿ ಕಟ್ಟು ಕತ್ತರಿಸೋದು, ಬೀಸಣಿಗೆ ತರ ಎಲೆ ಬಿಚ್ಚೋದು, ಎಲ್ಲ ಸುರಿದೆ. ಮುಗಿದ ಮೇಲೆ ಒಬ್ಬರು ಕೇಳಿದರು: "ಆ ಹುಡುಗಿ ಆರಿಸಿದ ಎಲೆ ಯಾವುದು?" ಕೋಣೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಆ ಹುಡುಗಿಗೂ ಇರಲಿಲ್ಲ. ಆದರೂ ಸೇರಿಸಿಕೊಂಡರು.

ಸಭೆ ಅಂದರೆ ಮೊದಲ ಅರ್ಧ ಗಂಟೆ ಬೋರು. ಲೆಕ್ಕಪತ್ರ, ಹಾಲ್‌ನ ಬೀಗ ಯಾರ ಹತ್ತಿರ, ಮುಂದಿನ ತಿಂಗಳು ಮಕ್ಕಳ ಆಸ್ಪತ್ರೆಗೆ ಯಾರು ಹೋಗ್ತಾರೆ. ಆಮೇಲೆ ಒಂದು ವಿಷಯ ಇಟ್ಟುಕೊಂಡು ಎಲ್ಲರೂ ಮಾಡಿ ತೋರಿಸೋದು: ಒಂದು ತಿಂಗಳು ನಾಣ್ಯ, ಒಂದು ತಿಂಗಳು ಬರೀ ಮಾತಿನ ಮೇಲೆ ನಿಂತ ಜಾದೂ. ವರ್ಷಕ್ಕೊಮ್ಮೆ ಹಳೇ ಸಾಮಾನಿನ ಹರಾಜು. ಹೊರಗಿನಿಂದ ಯಾರಾದರೂ ಬಂದು ಪಾಠ ಮಾಡೋದೂ ಇತ್ತು. ನಿಜವಾದ ಕ್ಲಬ್ ಶುರುವಾಗೋದು ಇದೆಲ್ಲ ಮುಗಿದ ಮೇಲೆ. ನಾಲ್ಕೈದು ಜನ ಮೂಲೆಯ ಮೇಜಿನ ಸುತ್ತ ಕೂರ್ತಾರೆ. ಮನೆಯಲ್ಲಿ ವರ್ಷಗಟ್ಟಲೆ ತಿದ್ದಿದ್ದು ಅಲ್ಲಿ ಹೊರಗೆ ಬರುತ್ತೆ.

ಆ ಮೇಜಿನಲ್ಲೇ ನಾನು ಹಗ್ಗದ ಸರ್ ಅವರನ್ನು ನೋಡಿದ್ದು. ಹೆಸರು ಬೇಡ, ಹೀಗೇ ಕರೀತೀನಿ. ಹಗ್ಗ ಕತ್ತರಿಸಿ ಕೂಡಿಸೋ ಜಾದೂ ಎಲ್ಲರೂ ಮಾಡ್ತಾರೆ, ಅದರಲ್ಲಿ ಹೊಸದೇನಿಲ್ಲ. ಇವರದ್ದು ಹೀಗೆ: ನೋಡುವವರ ಕೈಯಲ್ಲೇ ಹಗ್ಗ ಕತ್ತರಿಸಿ, ಕತ್ತರಿ ವಾಪಸ್ ತಗೊಂಡು, ಜಾರಿದ ಕನ್ನಡಕವನ್ನು ಮಣಿಕಟ್ಟಿನಿಂದ ಮೇಲಕ್ಕೆ ತಳ್ಳಿ, "ಕತ್ತರಿಸಿದ್ದು ನೀವೇ ತಾನೇ?" ಅಂತಾರೆ. ಎಲ್ಲರ ಕಣ್ಣೂ ಅವರ ಮುಖದ ಮೇಲೆ. ಆ ಒಂದು ಗಳಿಗೆಯಲ್ಲಿ ಎಲ್ಲ ಮುಗಿದಿರುತ್ತೆ. (ಇಷ್ಟು ಹೇಳಲು ಅವರಿಂದಲೇ ಒಪ್ಪಿಗೆ ಪಡೆದಿದ್ದೇನೆ. ಇನ್ನೊಂದು ಕೈ ಎಲ್ಲಿಗೆ ಹೋಗುತ್ತೆ ಅಂತ ಕೇಳಬೇಡಿ.) ಆ ಕನ್ನಡಕದ ಜಾಗ ಸಿಗೋಕೆ ಅವರಿಗೆ ಹನ್ನೊಂದು ವರ್ಷ ಹಿಡಿದಿತ್ತಂತೆ. ನನಗೆ ಮೇಜಿನ ಮೇಲೆ ನಾಲ್ಕು ಸಲ ತೋರಿಸಿದರು. ನಾನು ಕನ್ನಡಿ ಮುಂದೆ ನಿಂತು ಮೂರು ವಾರದಲ್ಲಿ ಕಲಿತೆ.

ಕ್ಲಬ್ಬಿನ ವಾರ್ಷಿಕ ಕಾರ್ಯಕ್ರಮಕ್ಕೆ ಸಾರ್ವಜನಿಕರು ಬರ್ತಾರೆ. ಪಟ್ಟಿಯಲ್ಲಿ ನನ್ನದು ಮೂರನೆಯದು, ಅವರದ್ದು ಐದನೆಯದು. ನಾನು ಹಗ್ಗ ತೆಗೆದೆ. ನನಗೆ ಕನ್ನಡಕವೇ ಇಲ್ಲ. ಅದಕ್ಕೆಂದೇ ಪವರ್ ಇಲ್ಲದ ಗಾಜು ಹಾಕಿಸಿ ಒಂದು ಕನ್ನಡಕ ಮಾಡಿಸಿಕೊಂಡು ಹೋಗಿದ್ದೆ! ಮಣಿಕಟ್ಟಿನಿಂದ ಮೇಲಕ್ಕೆ ತಳ್ಳಿದೆ, "ಕತ್ತರಿಸಿದ್ದು ನೀವೇ ತಾನೇ?" ಅಂದೆ. ಚಪ್ಪಾಳೆ ಚೆನ್ನಾಗೇ ಬಿತ್ತು. ಪರದೆಯ ಪಕ್ಕಕ್ಕೆ ಬಂದಾಗ ಅವರು ತಮ್ಮ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ಅವರ ಸರದಿ ಬಂದಾಗ ಒಂದೇ ಒಂದು ನಾಣ್ಯ ಹಿಡಿದು ನಾಲ್ಕು ನಿಮಿಷ ಏನೋ ಮಾಡಿ ಇಳಿದರು. ಕೊನೆಗೆ ಕುರ್ಚಿ ಮಡಚುವಾಗ ಹತ್ತಿರ ಬಂದು ಕೇಳಿದರು:

"ಕನ್ನಡಕದ ನಂಬರ್ ಎಷ್ಟಪ್ಪ?"

"ಸುಮ್ನೆ... ಪ್ಲೇನ್ ಗ್ಲಾಸು, ಸರ್."

"ಹೂಂ," ಅಂದು ಮಡಚಿದ ಕುರ್ಚಿಯನ್ನು ಗೋಡೆಗೆ ಒರಗಿಸಿ ಹೋದರು.

ಆ ರಾತ್ರಿ ನನ್ನ ತಲೆಯಲ್ಲಿ ಎಷ್ಟು ವಾದ ಓಡಿತು ಗೊತ್ತಾ? ಹಗ್ಗದ ಜಾದೂ ಅವರಪ್ಪನ ಆಸ್ತಿಯೇನಲ್ಲ. ಅವರೇ ತೋರಿಸಿದ್ದು, 'ಮಾಡಬೇಡ' ಅಂದಿರಲಿಲ್ಲ. ಕ್ಲಬ್ಬಿನ ನಿಯಮ ಇರೋದು ಹೊರಗಿನವರಿಗೆ ಗುಟ್ಟು ಹೇಳಬಾರದು ಅಂತ, ನಾನು ಯಾರಿಗೂ ಹೇಳಿಲ್ಲ. ಒಂದೊಂದೂ ನಿಜ. ಕಾನೂನೂ ನನ್ನ ಕಡೆಗೇ ಇದೆ ಅಂದುಕೊಂಡಿದ್ದೆ, ಜಾದೂವಿನ ಗುಟ್ಟಿಗೆ ಕಾಪಿರೈಟ್ ಇಲ್ಲವಲ್ಲ. ಆಮೇಲೆ ಒಂದು ಕೇಸಿನ ಬಗ್ಗೆ ಓದಿದೆ. ತನ್ನ ನೆರಳಿನ ಜಾದೂವನ್ನು ಇನ್ನೊಬ್ಬ ನಕಲು ಮಾಡಿದ ಅಂತ ಟೆಲ್ಲರ್ ಅನ್ನೋ ಜಾದೂಗಾರರು ಅಮೆರಿಕದ ಕೋರ್ಟಿಗೆ ಹೋಗಿದ್ದರು. 2014ರಲ್ಲಿ ತೀರ್ಪು ಅವರ ಕಡೆಗೇ ಬಂತು. ಗುಟ್ಟಿಗೆ ರಕ್ಷಣೆ ಇಲ್ಲ, ಆದರೆ ಅದನ್ನು ಆಡಿ ತೋರಿಸುವ ಅಭಿನಯಕ್ಕೆ ಇದೆ ಅಂತ ಕೋರ್ಟು ಹೇಳಿತು. ಓದಿದಾಗ ನನಗೆ ನೆನಪಾದದ್ದು ಆ ಪ್ಲೇನ್ ಗ್ಲಾಸು. ಹಗ್ಗದ ಗುಟ್ಟು ಯಾವ ಪುಸ್ತಕದಲ್ಲಾದರೂ ಸಿಗುತ್ತಿತ್ತು. ನಾನು ಎತ್ತಿಕೊಂಡದ್ದು ಅವರ ಮಣಿಕಟ್ಟು, ಅವರ ಮೂಗು, ಅವರ ಮಾತು. ಅದೂ ಅವರು ವೇದಿಕೆ ಹತ್ತೋ ಅರ್ಧ ಗಂಟೆ ಮೊದಲು, ಅವರದೇ ಜನರ ಮುಂದೆ. 'ಸರ್, ನಾನು ಮಾಡಲಾ?' ಅಂತ ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತು? ಬಹುಶಃ ಬೇಡ ಅನ್ನುತ್ತಿದ್ದರು. ಅದು ಗೊತ್ತಿದ್ದೇ ಕೇಳಲಿಲ್ಲ. ಇದನ್ನು ಒಪ್ಪಿಕೊಳ್ಳೋಕೆ ನನಗೆ ತುಂಬಾ ದಿನ ಹಿಡಿಯಿತು.

ಯಾರೂ ನನ್ನನ್ನು ತೆಗೆದುಹಾಕಲಿಲ್ಲ. ನಾನು ಮೇಜಿನ ಹತ್ತಿರ ಹೋದರೆ ಎಲೆಗಳು ಜೇಬಿಗೆ ಹೋಗುತ್ತಿದ್ದವು, ಅಷ್ಟೇ. ಮಾತು ಹವಾಮಾನಕ್ಕೆ ತಿರುಗುತ್ತಿತ್ತು.

ಬೇರೆ ಕೆಲಸವಿಲ್ಲದೆ ಕ್ಲಬ್ಬಿನ ಕಪಾಟು ಜೋಡಿಸೋಕೆ ಕೂತೆ. ಅಲ್ಲೇ ಓದಿದ್ದು ಎಲ್ಲ. 1902ರಲ್ಲಿ ನ್ಯೂಯಾರ್ಕಿನ ಮಾರ್ಟಿಂಕಾ ಜಾದೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಮೆರಿಕದ ಜಾದೂಗಾರರ ಸೊಸೈಟಿ ಶುರುವಾಯಿತು. ಹುಡಿನಿ 1917ರಿಂದ 1926ರಲ್ಲಿ ಸಾಯೋವರೆಗೂ ಅದರ ಅಧ್ಯಕ್ಷ. ಅವನ ಅಂತ್ಯಕ್ರಿಯೆಯಲ್ಲಿ ಮಂತ್ರದಂಡ ಮುರಿದರು, ಆ ಪದ್ಧತಿ ಇವತ್ತಿಗೂ ಉಳಿದಿದೆ. 1905ರಲ್ಲಿ ಲಂಡನ್ನಿನ ಮ್ಯಾಜಿಕ್ ಸರ್ಕಲ್ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಡೇವಿಡ್ ಡೆವಂಟ್. ಮುಂದೆ ಅವರು ತಮ್ಮದೇ ಜಾದೂಗಳ ಗುಟ್ಟನ್ನು ಪತ್ರಿಕೆಯಲ್ಲಿ ಬರೆದಾಗ ಅದೇ ಸರ್ಕಲ್ ಅವರನ್ನು ಹೊರಗೆ ಹಾಕಿತು! 1922ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿದ್ದ ಲೆನ್ ವಿಂಟಸ್ ದೂರದ ಜಾದೂಗಾರರ ಜೊತೆ ಕಾಗದ ಬರೆದುಕೊಂಡೇ ಇನ್ನೊಂದು ಸಂಘ ಕಟ್ಟಿದರು. ಅದರ ಊರೂರಿನ ಶಾಖೆಗೆ ಇವತ್ತಿಗೂ 'ರಿಂಗ್' ಅಂತಲೇ ಹೆಸರು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ನಮ್ಮದೇ ಕ್ಲಬ್ಬಿನ ನಡಾವಳಿ ಪುಸ್ತಕ. ಮೊದಲ ಪುಟದಲ್ಲಿ ಏಳು ಸಹಿ. ಎರಡನೇ ಪುಟದಲ್ಲೇ ಮೇಜಿನ ಮೇಲೆ ಹಾಸೋ ಬಟ್ಟೆ ಯಾರು ಒಗೆಯಬೇಕು ಅಂತ ಜಗಳ. ನಾನು ಸೇರೋಕೆ ಎಷ್ಟೋ ವರ್ಷ ಮೊದಲಿನ ಒಂದು ಪುಟದಲ್ಲಿ ದೂರು: ಒಬ್ಬರ ಉಂಗುರದ ಆಟದ ಮಾತುಗಳನ್ನು ಇನ್ನೊಬ್ಬ ಯುವ ಸದಸ್ಯ ಅಕ್ಷರ ಬಿಡದೆ ಬಳಸಿದ್ದಾನೆ. ಕೆಳಗೆ ಒಂದೇ ಸಾಲಿನ ನಿರ್ಣಯ: "ಮೊದಲು ಕೇಳತಕ್ಕದ್ದು." ಆ ಯುವ ಸದಸ್ಯನ ಹೆಸರೂ ಇತ್ತು. ನಾನು ಹೇಳಲ್ಲ. ಅವರು ಈಗಲೂ ಸಭೆಗೆ ಬರ್ತಾರೆ, ಕನ್ನಡಕ ಹಾಕಿಕೊಂಡು.

ಎರಡು ವರ್ಷವಾದ ಮೇಲೆ ಒಂದು ಸಂಜೆ ಹಗ್ಗದ ಸರ್ ನನ್ನನ್ನು ಕರೆದು, ತಮ್ಮ ಎಡಗಡೆ ಮೂಲೆಯ ಕುರ್ಚಿ ತೋರಿಸಿದರು. ಗುಟ್ಟು ಒಡೆದರೆ ಮೊದಲು ಒಡೆಯೋದು ಆ ಕಡೆಯಿಂದಲೇ. ಅವರ ಬೆರಳು ಆಗಲೇ ಸ್ವಲ್ಪ ನಡುಗುತ್ತಿತ್ತು. ಹಗ್ಗ, ಕತ್ತರಿ, ಕನ್ನಡಕ.

"ಕಂಡಿತಾ?"

"ಕಂಡಿತು, ಸರ್."

ಮತ್ತೆ ಮಾಡಿದರು. ಮತ್ತೆ ಕಂಡಿತು. ಆರನೇ ಸಲಕ್ಕೆ ಕಾಣಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಕ್ಲಬ್ಬಿನವರ ಹತ್ರ ನಿಮಗೆ ಗೊತ್ತಿಲ್ಲದ ಗುಟ್ಟು ಏನಿದೆ? ಹೆಚ್ಚೇನೂ ಇಲ್ಲ. ಹೊಸ ಗುಟ್ಟೇ ಬೇಕಿದ್ದರೆ ವಿಡಿಯೋ ಸಾಕು, ಕ್ಲಬ್ಬಿಗೆ ಹೋಗಿ ಅವರ ಸಮಯ ಹಾಳು ಮಾಡಬೇಡಿ. ಯಾವ ವಿಡಿಯೋನೂ ನಿಮ್ಮ ಎಡಗಡೆ ಕೂತು "ಕಂಡಿತು" ಅನ್ನಲ್ಲ. ಮನೆಯವರೂ ಅನ್ನಲ್ಲ, ಪಾಪ, ಅವರಿಗೆ ನಿಮ್ಮ ಮೇಲೆ ಪ್ರೀತಿ. ಕ್ಲಬ್ಬಾ, ಆನ್‌ಲೈನ್ ಕೋರ್ಸಾ ಅಂತ ಅಳೆದು ತೂಗಿ ಹೇಳಿ ಅಂದಿದ್ದೀರಿ. ಕೋರ್ಸಿನ ಬಗ್ಗೆ ನಾನೇನೂ ಹೇಳಲ್ಲ, ಯಾವ ಕೋರ್ಸೂ ಮಾಡಿಲ್ಲ.

ವಯಸ್ಸಾದವರು ಅನ್ನೋದು ದೂರೇ ಅಲ್ಲ. ದೂರು ಹೇಳಬೇಕಾದ್ದು ಬೇರೆ ಇದೆ. ಮ್ಯಾಜಿಕ್ ಸರ್ಕಲ್ 1991ರವರೆಗೆ ಹೆಂಗಸರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಸೋಫಿ ಲಾಯ್ಡ್ ಅನ್ನೋರು ಗಂಡಸಿನ ವೇಷದಲ್ಲಿ ಪರೀಕ್ಷೆ ಪಾಸಾಗಿ ಒಳಗೆ ಸೇರಿದರು, ಅಷ್ಟು ಜನ ಜಾದೂಗಾರರಿಗೂ ಗೊತ್ತಾಗಲಿಲ್ಲ. ನಿಜ ಹೇಳಿದ ಕೂಡಲೇ ಹೊರಗೆ ಹಾಕಿದರು. ವಾಪಸ್ ಕರೆದದ್ದು 2025ರಲ್ಲಿ. ಹಾಗಾಗಿ ನಿಮ್ಮ ಹತ್ತಿರದ ಕ್ಲಬ್ ಸೇರೋ ಮೊದಲು ಒಂದು ಸಭೆಗೆ ಅತಿಥಿಯಾಗಿ ಹೋಗಿ ಕೂತುಕೊಳ್ಳಿ. ಹೊಸಬರು, ಹುಡುಗಿಯರು ಎಡವಿದಾಗ ನಗ್ತಾರಾ, ಎದ್ದು ಬಂದು ಕೈ ತಿದ್ದುತ್ತಾರಾ, ನೋಡಿ. ನಗೋ ಕ್ಲಬ್ಬಾದರೆ ಅಲ್ಲಿಂದಲೇ ಎದ್ದು ಬನ್ನಿ.

ಆ ಎಂಟು ನಿಮಿಷಕ್ಕೆ ಮೂರೇ ಜಾದೂ ಸಾಕು. ನೋಡುವವರು ಆರಿಸಿದ ಎಲೆ ಯಾವುದು ಅಂತ ಅವರಿಂದಲೇ ಎರಡು ಸಲ ಜೋರಾಗಿ ಹೇಳಿಸಿ. ಟ್ರಿಕ್ ಕಟ್ಟು ಬೇಡ, ಮಾಮೂಲಿ ಇಸ್ಪೀಟೇ ತಗೊಂಡು ಹೋಗಿ. ಮುಗಿದ ಮೇಲೆ ಯಾರಾದರೂ ಕೈ ಚಾಚಿ ಕಟ್ಟು ಕೇಳ್ತಾರೆ. ಕೊಟ್ಟುಬಿಡಿ.