ಗೋಡೆಗೆ ಅಂಟಿಸಿದ ಸುದ್ದಿ, ಕೈಗೆ ಕೊಟ್ಟ ಸ್ವೀಕೃತಿ

ತಿಪಟೂರು ತಾಲ್ಲೂಕಿನ ಓದುಗರೊಬ್ಬರ ಪತ್ರ ಹೀಗಿದೆ: "ನಮ್ಮ ಗ್ರಾಮ ಪಂಚಾಯಿತಿಗೆ ಈಗ ವಾಟ್ಸಾಪ್ ಗ್ರೂಪ್ ಇದೆ. ನೀರು ಯಾವಾಗ ಬಿಡುತ್ತಾರೆ, ಗ್ರಾಮಸಭೆ ಎಂದು, ಎಲ್ಲವೂ ಅಲ್ಲೇ ಗೊತ್ತಾಗುತ್ತದೆ. ಹೀಗಿರುವಾಗ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸುವುದು, ಊರಲ್ಲಿ ಡಂಗುರ ಸಾರಿಸುವುದು, ಒಂದೇ ಅರ್ಜಿಯನ್ನು ಎರಡು ಪ್ರತಿ ಬರೆದು ಸೀಲು ಹಾಕಿಸಿಕೊಳ್ಳುವುದು, ಇವೆಲ್ಲ ಕಾಲ ಮೀರಿದ ಪದ್ಧತಿಯಲ್ಲವೇ? ಅಂದಹಾಗೆ, ಗ್ರಾಮಸಭೆಯ ನಡಾವಳಿಯ ಪ್ರತಿ ಕೇಳಿದರೆ ಕೊಡುತ್ತಿಲ್ಲ. ಏನು ಮಾಡಬೇಕು?"

ಪಂಚಾಯಿತಿಯ ವಿಷಯಕ್ಕೆ ಕೂತು ಪತ್ರ ಬರೆಯುವ ಓದುಗರು ಇದ್ದಾರೆಂಬುದೇ ಸಂತೋಷ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಇದೆ. ಎಲ್ಲವೂ ಗ್ರೂಪಿನಲ್ಲಿ ಸಿಗುತ್ತದೆ ಎನ್ನುವ ನಿಮಗೆ, ಸಿಗಲೇಬೇಕಾದ ಒಂದು ಕಾಗದ ಸಿಕ್ಕಿಲ್ಲ.

ಮೊಬೈಲಿನ ಉಪಯೋಗವನ್ನು ಅಲ್ಲಗಳೆಯುತ್ತಿಲ್ಲ. ಮೋಟರು ಸುಟ್ಟು ಇವತ್ತು ನೀರಿಲ್ಲ ಎಂಬ ಮಾತು ಹತ್ತು ನಿಮಿಷದಲ್ಲಿ ಊರಿಗೆಲ್ಲ ಮುಟ್ಟುತ್ತದೆ. ಊರಿನ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಬಿ ಡಿಜಿಟಲ್ ಸಹಿಯೊಂದಿಗೆ ಬರುವುದರಿಂದ, ಕೈಬರಹದ ಖಾತೆಯನ್ನು ರಾತ್ರೋರಾತ್ರಿ ತಿದ್ದುವ ಹಳೆಯ ಕಾಟ ಕಡಿಮೆಯಾಗಿದೆ. ಅಷ್ಟು ಒಪ್ಪೋಣ.

ಈಗ ಗ್ರೂಪಿನಲ್ಲಿ ಯಾರಿದ್ದಾರೆ ಎಂದು ಎಣಿಸಿ ನೋಡಿ. ಕಾನೂನಿನ ಪ್ರಕಾರ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಮಗನ ಬಳಿ ಮಾತ್ರ ಮೊಬೈಲಿರುವ ಮನೆಯ ತಾಯಿ, ಕುರಿ ಹಿಂದೆ ಹೋದವರು, ಅಡ್ಮಿನ್ ಜತೆ ಮಾತು ಬಿಟ್ಟವರು, ಇವರೆಲ್ಲ ಸಭೆಗೆ ಸೇರಿದವರೇ, ಗ್ರೂಪಿಗೆ ಸೇರಿದವರಲ್ಲ. ಗ್ರೂಪಿನಿಂದ ಒಬ್ಬರನ್ನು ತೆಗೆದುಹಾಕಬಹುದು, ಹಾಕಿದ ಸಂದೇಶವನ್ನು ಅಳಿಸಬಹುದು. ನಾಳೆ "ನಮಗೆ ತಿಳಿಸಲೇ ಇಲ್ಲ" ಎಂದು ದೂರಿದರೆ ತೋರಿಸಲು ಏನೂ ಉಳಿಯುವುದಿಲ್ಲ.

ನಮ್ಮ ನಾಡಿನಲ್ಲಿ ಊರಿಗೆ ಸೇರಿದ ಮಾತನ್ನು ಬಯಲಲ್ಲಿ ನಿಲ್ಲಿಸುವ ರೂಢಿ ತೀರಾ ಹಳೆಯದು. ಕೆರೆ ಏರಿಯ ಮೇಲೆ, ತೂಬಿನ ಬಳಿ, ದೇವಸ್ಥಾನದ ಮುಂದೆ ಇರುವ ಶಾಸನಗಳನ್ನು ಗಮನಿಸಿ. ಯಾರು ಕೊಟ್ಟರು, ಎಷ್ಟು ಭೂಮಿ, ಗಡಿ ಯಾವುದು, ಸಾಕ್ಷಿ ಯಾರು, ದಾನ ಕೆಡಿಸಿದವರಿಗೆ ಏನು ಪಾಪ, ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ಮುಂದಿನ ಬಹಿರಂಗ ವಿಚಾರಣೆ, ನಡೆಸಿದಾಗ ಮಾಡಿದ್ದೂ ಇದೇ ಬಗೆಯ ಕೆಲಸ: ಪಂಚಾಯಿತಿಯ ಬಿಲ್ಲು, ಹಾಜರಿ ಪಟ್ಟಿಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಕೂಲಿಗೆ ಹೋಗದವರ ಹೆಸರಿನಲ್ಲಿ ಕೂಲಿ ಬರೆದಿದ್ದು ಹೊರಗೆ ಬಿತ್ತು. 1996ರಲ್ಲಿ ಬ್ಯಾವರ್ ಪಟ್ಟಣದ 40 ದಿನಗಳ ಧರಣಿ, ಕೊನೆಗೆ 2005ರ ಮಾಹಿತಿ ಹಕ್ಕು ಕಾಯ್ದೆ, ಎಲ್ಲವೂ ಆ ಓದಿನಿಂದ ಬೆಳೆದು ಬಂದವು.

ಸಾರುವ ವಿಷಯದಲ್ಲಿ ಒಂದು ಮಾತು. ತಮಟೆ ಹಿಡಿದು ಡಂಗುರ ಸಾರುವ ಕೆಲಸವನ್ನು ಒಂದೇ ಜಾತಿಯ ತಲೆಗೆ ಕಟ್ಟಿದ್ದರು, ಅದು ಮರಳಬಾರದು. ಕಸ ಒಯ್ಯುವ ಸ್ವಚ್ಛವಾಹಿನಿಗೆ ಧ್ವನಿವರ್ಧಕ ಇರುತ್ತದೆ, ಬೆಳಿಗ್ಗೆ ಮನೆ ಮನೆ ಮುಂದೆ ನಿಲ್ಲುತ್ತದೆ. ಸಭೆಗೆ ಮುಂಚಿನ ಮೂರು ದಿನ ಅದರಲ್ಲೇ ದಿನಾಂಕ, ಸಮಯ, ಜಾಗ ಹೇಳಿಸಿದರೆ ಓದು ಬಾರದವರಿಗೂ ತಲುಪುತ್ತದೆ.

ಇನ್ನು ಬೋರ್ಡು. ಚೀಟಿ ಅಂಟಿಸಿದರೆ ಸಾಲದು, ಅದು ಉಳಿಯಬೇಕು, ಕಾಣಬೇಕು. ಮೈದಾ ಗೋಂದಿನಲ್ಲಿ ಅಂಟಿಸಿದ್ದನ್ನು ದನ ಕಿತ್ತು ತಿನ್ನುತ್ತವೆ. ಇಂಕ್‌ಜೆಟ್ ಪ್ರಿಂಟು ಒಂದು ಮಳೆಗೆ ಕರಗುತ್ತದೆ, ಲೇಸರ್ ಪ್ರಿಂಟು ಅಥವಾ ದಪ್ಪ ಮಾರ್ಕರ್ ಬರಹ ತಡೆಯುತ್ತದೆ. ಪಂಚಾಯಿತಿ ಕಟ್ಟಡದ ಒಳಗೋಡೆ ಸಂಜೆ ಬೀಗ ಬಿದ್ದ ಮೇಲೆ ಯಾರಿಗೂ ಕಾಣದು. ಗಾಜಿನ ಬಾಗಿಲಿನ ಬೋರ್ಡನ್ನು ಸೂರಿನ ಕೆಳಗೆ, ನೆಲದಿಂದ ನಾಲ್ಕೂವರೆ ಐದು ಅಡಿ ಎತ್ತರದಲ್ಲಿ, ರಸ್ತೆ ಕಡೆಗೆ ಹಾಕಬೇಕು. ಬೀಗದ ಕೈ ಕಚೇರಿಯಲ್ಲಿರಬೇಕು, ಯಾವುದೇ ಸದಸ್ಯರ ಮನೆಯಲ್ಲಲ್ಲ. ಕೇಂದ್ರ ಗ್ರಾಮಕ್ಕೆ ಒಂದು ಬೋರ್ಡು ಇದ್ದರೆ ಮೂರು ಕಿಲೋಮೀಟರ್ ಆಚೆಯ ಹಟ್ಟಿಗೆ ಏನು ಪ್ರಯೋಜನ? ಪ್ರತಿ ಹಳ್ಳಿಯ ಹಾಲಿನ ಡೇರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಈ ಮೂರು ಕಡೆ ಒಂದೊಂದು ಪ್ರತಿ ಹೋಗಲಿ. ಚೀಟಿಯಲ್ಲಿ "ಇತರೆ ವಿಷಯಗಳು" ಎಂದಷ್ಟೇ ಬರೆಯಕೂಡದು. ಮನೆ ಹಂಚಿಕೆಯ ಫಲಾನುಭವಿಗಳ ಆಯ್ಕೆ ಇದ್ದರೆ ಹಾಗೆಂದೇ ಬರೆಯಬೇಕು. ಆ ಒಂದು ಸಾಲು ಮರೆಯಾದ ಊರಿನಲ್ಲಿ ಸಭೆಗೆ ಬರುವವರು ಪಟ್ಟಿಯಲ್ಲಿ ಆಗಲೇ ಹೆಸರಿರುವವರಷ್ಟೇ.

ನನ್ನ ಕೇಳಿದರೆ ಪಂಚಾಯಿತಿ ಕೊಡಬೇಕಾದ ಅತಿ ಮುಖ್ಯ ಸುದ್ದಿ ಕೊಳವೆಬಾವಿ ನೀರಿನ ಪರೀಕ್ಷೆಯ ಫಲಿತಾಂಶ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ನೈಟ್ರೇಟ್ ಮಿತಿ 45. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಪಾವಗಡದಂಥ ಕಡೆ ಮಕ್ಕಳ ಹಲ್ಲಿನ ಕಂದು ಕಲೆ ನೋಡಿದವರಿಗೆ ಈ ಅಂಕಿ ಎಷ್ಟು ದೊಡ್ಡ ಸುದ್ದಿಯೆಂದು ಗೊತ್ತು. ಅದನ್ನು ಟ್ಯಾಂಕಿನ ಮೈಮೇಲೆ ಬಣ್ಣದಲ್ಲಿ ಬರೆಯಲು ನೀರುಗಂಟಿಗೆ ಅರ್ಧ ಗಂಟೆ ಸಾಕು.

ಎರಡು ಪ್ರತಿ ಅರ್ಜಿಯನ್ನು ನೀವು ಹಳೇ ಪದ್ಧತಿ ಎಂದಿರಿ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಲೇಬೇಕು. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ವ್ಯವಸ್ಥೆಯಲ್ಲಿ ದಿನದ ಲೆಕ್ಕ ಶುರುವಾಗುವುದು ಅರ್ಜಿ ನೋಂದಾಯಿಸಿ 15 ಅಂಕಿಯ ಸಂಖ್ಯೆ ಕೊಟ್ಟಾಗ. "ಇಟ್ಟು ಹೋಗಿ, ಆಮೇಲೆ ಎಂಟ್ರಿ ಮಾಡ್ತೀವಿ" ಎಂದರೆ ಗಡಿಯಾರ ಓಡುವುದೇ ಇಲ್ಲ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೆಂದು 2011ರ ಕಾಯ್ದೆ ಹೇಳುತ್ತದೆ. ಸಂಖ್ಯೆಯಿಲ್ಲದವರು ಯಾವ ಬಾಯಲ್ಲಿ ಕೇಳುವುದು? ಸಕಾಲಕ್ಕೆ ಸೇರದ ವಿಷಯವಾದರೆ ಎರಡನೇ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ, ಟಪಾಲು ವಹಿಯ ಕ್ರಮಸಂಖ್ಯೆ, ಈ ನಾಲ್ಕನ್ನೂ ಪಡೆಯಿರಿ. ಸೀಲು ಮಾತ್ರ ಇದ್ದು ವಹಿ ಸಂಖ್ಯೆ ಇರದಿದ್ದರೆ, ನಾಳೆ ಅರ್ಜಿ ಹುಡುಕಲು ಹೋದಾಗ ಅದು ದಾಖಲೆಯಲ್ಲಿ ಇರುವುದಿಲ್ಲ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. 2025ರಲ್ಲಿ ರಿಜಿಸ್ಟರ್ ಪೋಸ್ಟು ಅದರೊಳಗೇ ಸೇರಿಹೋಗಿದೆ.

ಗ್ರಾಮಸಭೆಗೆ ಬರೋಣ. ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಸದಸ್ಯರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅದು. ಎಡವಟ್ಟಾಗುವುದು ಸಹಿಯಲ್ಲಿ. ಬಂದವರಿಂದ ಖಾಲಿ ಪುಟದ ಮೇಲೆ ಸಹಿ ಹಾಕಿಸಿ, ಠರಾವನ್ನು ಆಮೇಲೆ ಬರೆಯುವುದು ಎಷ್ಟೋ ಕಡೆ ನಡೆಯುತ್ತದೆ. ಹಾಜರಿ ಸಹಿ ಬೇರೆ ಪುಟದಲ್ಲಿರಲಿ ಎಂದು ಕೇಳಿ. ಠರಾವನ್ನು ಸಭೆಯಲ್ಲೇ ಬರೆದು ಓದಿ ಹೇಳಲಿ, ಕೊನೆಯ ಸಾಲಿನ ಕೆಳಗೆ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಯಲಿ.

ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಯನ್ನಂತೂ ಬಿಡಲೇಬೇಡಿ. ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎರಡನ್ನೂ ಅಂದು ಜನರ ಮುಂದೆ ತಾಳೆ ನೋಡುತ್ತಾರೆ. ಟೇಪು ಹಿಡಿದು ಹೋಗಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿ.ಸಿ. ರಸ್ತೆಗೆ 45 ಘನ ಮೀಟರ್ ಕಾಂಕ್ರೀಟು ಬೇಕು. ಎಂ20 ಮಿಶ್ರಣವಾದರೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು, ಒಟ್ಟು 360 ಮೂಟೆ ಆಸುಪಾಸು. ದಪ್ಪ ನೋಡಬೇಕಾದದ್ದು ಅಂಚಿನಲ್ಲಿ, ಪಕ್ಕಕ್ಕೆ ಮಣ್ಣು ತುಂಬುವ ಮುಂಚೆ. ಆದರೆ ಅಂಚಿಗೆ ಮಾತ್ರ ಹಲಗೆಯೆತ್ತರ ಹಾಕಿ ನಡುವೆ ತೆಳ್ಳಗೆ ಎಳೆಯುವ ಚಾಳಿಯಿದೆ. ಹಾಗಾಗಿ ಕೆಲಸ ನಡೆಯುವ ದಿನ ನಿಂತು ನೋಡುವುದೇ ಉತ್ತಮ. ಅಳತೆ ಪುಸ್ತಕದಲ್ಲಿ ಬರೆದ ಉದ್ದ, ಅಗಲ, ದಪ್ಪವನ್ನು ನಿಮ್ಮ ಟೇಪಿನ ಪಕ್ಕ ಇಟ್ಟರೆ ಭಾಷಣವೇ ಬೇಕಾಗದು.

ಇಷ್ಟೆಲ್ಲ ಹೇಳುವಾಗ ನಮ್ಮ ಪತ್ರಿಕಾ ವೃತ್ತಿಯ ಮೇಲೂ ಬೇಸರ ಬರುತ್ತದೆ. ಜಿಲ್ಲಾ ಪುಟಗಳಲ್ಲಿ ಗುದ್ದಲಿಪೂಜೆಯ ಚಿತ್ರಕ್ಕೆ ಸಿಗುವ ಜಾಗ ಜಮಾಬಂದಿಗೆ ಸಿಗುವುದಿಲ್ಲ. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬರು ಕಟ್ಟಿದ ಪಂಚಾಯತ್ ವ್ಯವಸ್ಥೆಗೆ 1987ರಲ್ಲಿ ಚುನಾವಣೆ ನಡೆದಾಗ ಇಡೀ ದೇಶ ಕರ್ನಾಟಕದತ್ತ ನೋಡಿತ್ತು. ಅದೇ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಕೈಯಲ್ಲಿ ಉಳಿದವು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಪಕ್ಷಗಳು ಬದಲಾದವು, ಮುಂದೂಡಿಕೆ ಬದಲಾಗಲಿಲ್ಲ. ಇದನ್ನು ನಾವು ಮುಖಪುಟದಲ್ಲಿ ಎಷ್ಟು ಸಲ ಹಾಕಿದೆವು?

ನಿಮ್ಮ ನಡಾವಳಿ ಪ್ರತಿಯ ವಿಷಯ. ನಮೂನೆ ಎ ತುಂಬಿ 10 ರೂಪಾಯಿ ಪೋಸ್ಟಲ್ ಆರ್ಡರ್ ಜತೆ ಮಾಹಿತಿ ಹಕ್ಕಿನಡಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಮೀರಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. "ಎಲ್ಲ ಸಭೆಗಳ ಮಾಹಿತಿ" ಎನ್ನಬೇಡಿ, ಸಭೆಯ ದಿನಾಂಕ ಬರೆದು "ನಡಾವಳಿ ಮತ್ತು ಹಾಜರಿ ಪುಟಗಳ ದೃಢೀಕೃತ ಪ್ರತಿ" ಎಂದು ಬರೆಯಿರಿ. ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪ್ರತಿ ಕೈಗೆ ಬಂದ ದಿನ ಅದರ ಫೋಟೊವನ್ನು ನಿಮ್ಮ ಗ್ರೂಪಿಗೆ ಹಾಕಿ, ಜೆರಾಕ್ಸನ್ನು ಡೇರಿ ಗೋಡೆಗೆ ಅಂಟಿಸಿ. ಮೈದಾ ಗೋಂದು ಮಾತ್ರ ಬೇಡ.