ಹಾಡಿಲ್ಲದ ಥ್ರಿಲ್ಲರ್

ಪ್ರಶ್ನೆ: ಸರ್, ನಾವು ಗೆಳೆಯರೆಲ್ಲ ಸೇರಿ ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ ಮತ್ತೆ ನೋಡಿದೆವು. ಒಂದು ಹಾಡೂ ಇಲ್ಲ, ಆದರೂ ಯಾರೂ ಕೂತಲ್ಲಿಂದ ಏಳಲಿಲ್ಲ. ಏನಿದೆ ಅದರಲ್ಲಿ?
— ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ತಪ್ಪು ಮಾಡಿದ್ದು ಯಾರು ಅಂತ ಮೊದಲೇ ಗೊತ್ತಿರುತ್ತೆ ಅಲ್ವಾ, ಅದೇ ಈ ಸಿನಿಮಾದ ತಾಕತ್ತು. ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಹತ್ತಿಸುತ್ತಾನೆ, ಅಪ್ಪ ಅದನ್ನು ಮುಚ್ಚಿಹಾಕೋಕೆ ನಿಲ್ಲುತ್ತಾನೆ, ಒಬ್ಬ ಪತ್ರಕರ್ತ ಮಾತ್ರ ಬೆನ್ನು ಬಿಡೋದಿಲ್ಲ. ಇವನು ಸಿಕ್ಕಿಬೀಳ್ತಾನಾ, ಇಲ್ವಾ? ನಾವು ಕಾಯೋದು ಅದಕ್ಕೇ. ಅಪ್ಪನ ಪಾತ್ರದ ಅನಂತ್ ನಾಗ್ ಅವರನ್ನು ನೋಡಿದರೆ ನನಗೆ ಈಗಲೂ ಮೈ ಉರಿಯುತ್ತೆ. 1985ರಲ್ಲಿ ಇಂಥದ್ದು ಮಾಡೋಕೆ ಗುಂಡಿಗೆ ಬೇಕಿತ್ತು. ರಾಷ್ಟ್ರ ಪ್ರಶಸ್ತಿಯೂ ಬಂತು. ಇನ್ನೊಮ್ಮೆ ನೋಡುವಾಗ ಇಳಯರಾಜಾ ಅವರ ಹಿನ್ನೆಲೆ ಸಂಗೀತಕ್ಕೆ ಕಿವಿಗೊಡಿ.