ಕಾನೂನಿಗಿಂತ ಮೊದಲು ಬಂದ ಸಹಿಗಳು

ಪ್ರಿಯ ಓದುಗರೇ,

ಸಮಾಜವನ್ನು ಬದಲಿಸುವುದು ಕಾನೂನು ಮತ್ತು ಶಿಕ್ಷಣ, ಚಳವಳಿಗಳು ಗದ್ದಲವೆಬ್ಬಿಸಿ ಮನೆಗೆ ಹೋಗುತ್ತವೆ ಎಂದು ತಾವು ನಮ್ಮ ಪತ್ರಿಕೆಗೆ ಬರೆದಿದ್ದೀರಿ. ಕಾನೂನಿನ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಅಮೆರಿಕದ ಮಾಂಟ್‌ಗೊಮರಿಯಲ್ಲಿ ಕಪ್ಪುವರ್ಣೀಯರು 381 ದಿನ ಸಿಟಿ ಬಸ್ಸುಗಳನ್ನು ಬಹಿಷ್ಕರಿಸಿದರೂ, ಬಸ್ಸಿನೊಳಗಿನ ವರ್ಣಭೇದಕ್ಕೆ ತೆರೆ ಎಳೆದದ್ದು 1956ರ ಸುಪ್ರೀಂ ಕೋರ್ಟ್ ತೀರ್ಪು. ಆದರೆ ಇಷ್ಟು ಸೊಗಸಾಗಿ ವಾದಿಸಬಲ್ಲ ತಾವು, ಕಾನೂನು ತಾನಾಗಿ ಹುಟ್ಟುತ್ತದೆಯೇ ಎಂದು ಏಕೆ ಕೇಳಿಕೊಳ್ಳಲಿಲ್ಲ?

ನ್ಯೂಜಿಲೆಂಡಿನ ಕಥೆ ನೋಡಿ. ಮಹಿಳೆಯರ ಮತದಾನದ ಹಕ್ಕಿಗಾಗಿ ಕೇಟ್ ಶೆಪರ್ಡ್ ಮತ್ತು ಸಂಗಾತಿಗಳು 1891ರಲ್ಲಿ ಸಂಸತ್ತಿಗೆ ಒಯ್ದದ್ದು 9,000ಕ್ಕೂ ಹೆಚ್ಚು ಸಹಿ. ಹಕ್ಕು ಸಿಗಲಿಲ್ಲ. ಮರುವರ್ಷ ಸುಮಾರು 20,000 ಸಹಿ, ಆಗಲೂ ಸಿಗಲಿಲ್ಲ. 1893ರಲ್ಲಿ ಸಹಿಗಳು 32,000ದ ಸಮೀಪ ಬಂದವು. ಹಾಳೆಗೆ ಹಾಳೆ ಅಂಟಿಸಿ, ಸುಮಾರು 270 ಮೀಟರ್ ಉದ್ದವಾದ ಮುಖ್ಯ ಮನವಿಯನ್ನು ಪೊರಕೆಯ ಹಿಡಿಕೆಯ ತುಂಡಿಗೆ ಸುತ್ತಿದ್ದರು. ಈ ಹಕ್ಕಿನ ಪರವಾಗಿದ್ದ ಸಂಸದ ಜಾನ್ ಹಾಲ್ ಅದನ್ನು ಸದನದ ನಡುವಿನ ಹಾದಿಯಲ್ಲಿ ಬಿಚ್ಚಿ ಉರುಳಿಸಿದರು. ಮೇಲ್ಮನೆಯಲ್ಲಿ ಮಸೂದೆ ಗೆದ್ದದ್ದು 20–18ರಿಂದ. ಸೆಪ್ಟೆಂಬರ್ 19ರಂದು ಅದು ಕಾನೂನಾಯಿತು. ನವೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಸುಮಾರು 90,000 ಮಹಿಳೆಯರು ಮತ ಹಾಕಿದರು. ಎರಡು ವರ್ಷ ಸೋತ ಆ ಓಡಾಟವನ್ನು ಗದ್ದಲ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ವಿದ್ಯಾರ್ಥಿಯಾಗಿದ್ದಾಗ ನಾನೂ ಸಹಿ ಸಂಗ್ರಹಿಸಲು ಮನೆಮನೆ ಸುತ್ತಿದ್ದೇನೆ. ಪೆನ್ನು ತೆಗೆದುಕೊಂಡ ಗೃಹಿಣಿಯೊಬ್ಬರು ಒಮ್ಮೆ ಒಳಗೆ ತಿರುಗಿ ನೋಡಿ, ತುಸು ಹೊತ್ತು ಸುಮ್ಮನೆ ನಿಂತು, ಬಳಿಕ ತಮ್ಮ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ತಾವು ಹೇಳುವ ಶಿಕ್ಷಣ ಆ ಹೊಸ್ತಿಲಲ್ಲೂ ನಡೆಯುತ್ತದೆ; ಮನೆಯವರನ್ನು ಕೇಳದೆ ಒಂದು ಸಾರ್ವಜನಿಕ ವಿಷಯದಲ್ಲಿ ತೀರ್ಮಾನ ಮಾಡುವುದನ್ನು ಅವರು ಅಂದು ಕಲಿತರೆಂದೇ ನಾನು ನಂಬಿದ್ದೇನೆ.

ನನ್ನ ಅಸಮಾಧಾನ ತಮ್ಮ ಮೇಲಿನದಲ್ಲ, ತಮಗೆ ಹೀಗೆ ಕಲಿಸಿದ ಪಠ್ಯಪುಸ್ತಕಗಳ ಮೇಲಿನದು. ಕಾಯ್ದೆಗೆ ಅಂಕಿತ ಹಾಕಿದವರ ಹೆಸರು, ಇಸವಿಗಳನ್ನು ಅವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತವೆ. ಹಾಳೆ ಅಂಟಿಸಿದವರಿಗೆ ಒಂದು ಸಾಲೂ ಇರುವುದಿಲ್ಲ. ಪತ್ರಿಕೆಗಳಾದ ನಾವೂ ಮೆರವಣಿಗೆಯ ಚಿತ್ರ ಅಚ್ಚು ಹಾಕುತ್ತೇವೆಯೇ ಹೊರತು, ಅದರ ಹಿಂದಿನ ವರ್ಷಗಳ ಸಭೆ, ಲೆಕ್ಕ, ಓಡಾಟಗಳನ್ನು ವರದಿ ಮಾಡುವುದಿಲ್ಲ. ಆದ್ದರಿಂದ ಒಂದು ಕೋರಿಕೆ: ತಾವು ಮೆಚ್ಚುವ ಯಾವುದಾದರೂ ಕಾನೂನನ್ನು ಆರಿಸಿಕೊಂಡು, ಅದು ಬರುವ ಮುಂಚಿನ ಹತ್ತು ವರ್ಷ ಅದಕ್ಕಾಗಿ ಬಾಗಿಲು ತಟ್ಟಿದವರು ಯಾರೆಂದು ಹುಡುಕಿ ಬರೆಯಿರಿ. ಎಷ್ಟೇ ಉದ್ದವಾದರೂ ಪ್ರಕಟಿಸುತ್ತೇನೆ.

— ಸಂಪಾದಕ